ತಾಯ್ನಾಡಿಗೆ ಮರಳುವವರ ಕ್ಷೇಮ: ಇರಾನಿನ ದ್ವಿಪೌರರ ಸಮಸ್ಯೆಯನ್ನು ಕುರಿತು

ಕಳೆದ ಶೈಕ್ಷಣಿಕ ವರ್ಷದ ಕೊನೆಯ ಭಾಗದಲ್ಲಿ, ನಮ್ಮ ವಿಭಾಗದಲ್ಲಿ ಸಂಶೋಧನೆ ನಡೆಸುತ್ತಿರುವ ಇರಾನ್ ದೇಶದ ವಿದ್ಯಾರ್ಥಿನಿಯೊಬ್ಬರು ನಮ್ಮ ಬಳಿಗೆ ಬಂದು, ತಮ್ಮ ಸಂಶೋಧನೆಗೆ ಸಂಬಂಧಪಡದ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರ ಅಣ್ಣ ಬಹುವರ್ಷಗಳ ಹಿಂದೆಯೇ ಕೆನಡ ದೇಶಕ್ಕೆ ಹೋಗಿ ನೆಲೆಸಿ, ಅಲ್ಲಿಯ ಪೌರತ್ವವನ್ನು ಪಡೆದವರು. ಷೀರಾಜ್ ನಗರದಲ್ಲಿರುವ ತಾಯಿಗೆ ದೇಹಸ್ಥಿತಿ ಸರಿಯಿಲ್ಲ. ನೌರೂಜ್ ಹಬ್ಬಕ್ಕೆ ಮಗನನ್ನು ನೋಡಬೇಕೆಂದು ಆಕೆಯ ಹಂಬಲ. "ಸರ್, ಅಣ್ಣ ಯಾವ ರಾಜಕೀಯಕ್ಕೂ ಸೇರಿದವನಲ್ಲ, ಹಿಂದೆ ಮೂರು ಸಲ ಹೋಗಿ ಸುಖವಾಗಿ ಹಿಂದಿರುಗಿದ್ದಾನೆ, ಈಗ ಹೋದರೆ ಏನಾದೀತು?" ಎಂದು ಅವರು ಕೇಳಿದರು. ಆ ಹೊತ್ತಿಗೆ ತಕ್ಕ ಉತ್ತರವನ್ನು ಕೊಡಲು ನಾವು ಸಮರ್ಥರಾಗಿರಲಿಲ್ಲ. ಆಮೇಲೆ ಈ ವಿಷಯದ ಇತಿಹಾಸವನ್ನೂ ನ್ಯಾಯವನ್ನೂ ಓದಿ ತಿಳಿದುಕೊಂಡದ್ದರ ಫಲವೇ ಪ್ರಕೃತ ಲೇಖನ. ಅವರು ಹೇಳಿದ ಎರಡು ಸಮಾಧಾನಗಳು, ಎಂದರೆ ರಾಜಕೀಯದ ಸೋಂಕಿಲ್ಲವೆಂಬುದು ಮತ್ತು ಹಿಂದೆ ಹೋಗಿಬಂದಿರುವುದು, ಎಷ್ಟರಮಟ್ಟಿಗೆ ನಿಲ್ಲುವಂಥವು ಎಂಬುದನ್ನು ವಾಚಕರು ಮುಂದೆ ನೋಡುವರು.

ಬಿಟ್ಟುಹೋದವನು ಮರಳಿ ಬರುವಾಗ ಅವನಿಗೆ ಅಭಯ ಬೇಕೆಂಬುದು ಹೊಸ ಮಾತಲ್ಲ. ನಮ್ಮ ನಾಡಿನ ಹಳೆಯ ಆಡಳಿತದ ಕಾಗದಪತ್ರಗಳಲ್ಲಿ ಬರುವ 'ಕೌಲು' ಎಂಬ ಪದವನ್ನು ನಾವೆಲ್ಲರೂ ಬಲ್ಲೆವು. ಯುದ್ಧದಿಂದಲೋ ಕಂದಾಯದ ಭಾರದಿಂದಲೋ ಊರು ಬಿಟ್ಟ ರೈತರನ್ನು ಮರಳಿ ಕರೆತರಬೇಕಾದಾಗ ಸರ್ಕಾರದವರು ಕೌಲು ಕೊಡುತ್ತಿದ್ದರು. ಇಷ್ಟು ವರ್ಷ ಇಷ್ಟೇ ಕಂದಾಯ, ಹಳೆಯ ಬಾಕಿಗಾಗಿ ಪೀಡಿಸುವುದಿಲ್ಲ ಎಂಬ ವಚನ ಅದರಲ್ಲಿರುತ್ತಿದ್ದಿತು. ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ದಖ್ಖನಿಗೆ ಬಂದ ಈ ಪದಕ್ಕೆ ಮೂಲದಲ್ಲಿ 'ಮಾತು' ಎಂದೇ ಅರ್ಥ. ನಮ್ಮ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ, ತಮ್ಮ ಮನೆಯಲ್ಲಿ ಇಂದಿಗೂ ಮಾತು ಕೊಡುವುದಕ್ಕೆ ಆ ಪದವನ್ನೇ ಬಳಸುವರೆಂದು ತಿಳಿಸಿ ನಕ್ಕರು. ಕೌಲನ್ನು ಕೊಡುವವನು ಯಾರು, ಅದು ಮುರಿದರೆ ಕೇಳುವವನು ಯಾರು ಎಂಬುದೇ ಮುಂದಿನ ವಿಚಾರದ ತಿರುಳು.

ಆಧುನಿಕ ರಾಷ್ಟ್ರಗಳ ವಿಷಯದಲ್ಲಿ ಈ ಪ್ರಶ್ನೆ ತೀವ್ರವಾಗಿ ತಲೆದೋರಿದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಂಗ್ಲೆಂಡಿನ ಹಳೆಯ ನ್ಯಾಯದ ಪ್ರಕಾರ ರಾಜನ ಪ್ರಜೆಯಾಗಿ ಹುಟ್ಟಿದವನು ಸಾಯುವವರೆಗೂ ಪ್ರಜೆಯೇ. ತಾನಾಗಿ ಆ ನಿಷ್ಠೆಯನ್ನು ಕಳಚಿಹಾಕಲು ಅವನಿಗೆ ಅಧಿಕಾರವಿಲ್ಲ. ಅತ್ತ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಹೊರಗಿನಿಂದ ಬಂದವರಿಗೆ ಲಕ್ಷಗಟ್ಟಲೆ ಪೌರತ್ವವನ್ನು ಕೊಡುತ್ತಿದ್ದವು. ಈ ಎರಡು ತತ್ತ್ವಗಳ ಘರ್ಷಣೆ 1867ರಲ್ಲಿ ಐರ್ಲೆಂಡಿನಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಪೌರರಾಗಿದ್ದ ವಾರನ್ ಮತ್ತು ಕಾಸ್ಟೆಲೊ ಎಂಬುವರು ಆ ವರ್ಷ ಹಡಗಿನಲ್ಲಿ ಬಂದಿಳಿದು ಸೆರೆಸಿಕ್ಕಿದರು. ಅವರು ಬಂದುದು ಬಂಡಾಯಕ್ಕೆ ನೆರವಾಗಲೆಂದೇ, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ವಾರನ್ನನು ತಾನು ಪರದೇಶದವನು, ತನ್ನ ವಿಚಾರಣೆಗೆ ಅರ್ಧದಷ್ಟು ಪರದೇಶೀಯರಿರುವ ಪಂಚಾಯತಿ ಬೇಕು ಎಂದು ಕೇಳಿದಾಗ, ಹುಟ್ಟಿನಿಂದ ಪ್ರಜೆಯಾದವನು ಪರದೇಶೀಯನಾಗಲಾರನೆಂದು ನ್ಯಾಯಾಲಯ ತಳ್ಳಿಹಾಕಿತು. ಇದರಿಂದ ಅಮೆರಿಕದಲ್ಲಿ ಎದ್ದ ಕೋಲಾಹಲದ ಪರಿಣಾಮವಾಗಿ 1868ರ ಜುಲೈ ತಿಂಗಳಿನಲ್ಲಿ, ಪೌರತ್ವವನ್ನು ತ್ಯಜಿಸುವುದು ಮನುಷ್ಯನ ಸಹಜವಾದ ಹಕ್ಕೆಂದು ಸಾರುವ ಶಾಸನ ಬಂದಿತು. ಬ್ರಿಟನ್ನು 1870ರಲ್ಲಿ ತನ್ನ ಹಳೆಯ ತತ್ತ್ವವನ್ನು ಬಿಟ್ಟುಕೊಟ್ಟಿತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು ಜರ್ಮನರ ಸಂಗತಿ. ಅಮೆರಿಕಕ್ಕೆ ಹೋಗಿ ನೆಲೆಸಿದ ಜರ್ಮನ್ ಯುವಕನು ತಂದೆತಾಯಿಗಳನ್ನು ನೋಡಲು ಹುಟ್ಟೂರಿಗೆ ಬಂದರೆ, ಸೈನ್ಯಸೇವೆಯನ್ನು ತಪ್ಪಿಸಿಕೊಂಡು ಓಡಿಹೋದವನೆಂದು ಪ್ರಷ್ಯದ ಅಧಿಕಾರಿಗಳು ಅವನನ್ನು ಹಿಡಿದು ದಂಡಿಗೆ ಸೇರಿಸುತ್ತಿದ್ದರು. ಇದನ್ನು ನಿಲ್ಲಿಸಲು 1868ರ ಫೆಬ್ರವರಿ 22ರಂದು ಬರ್ಲಿನ್ನಿನಲ್ಲಿ ಒಪ್ಪಂದವೊಂದಾಯಿತು. ಅದನ್ನು ಮಾಡಿಸಿದ ಅಮೆರಿಕದ ರಾಯಭಾರಿ ಜಾರ್ಜ್ ಬ್ಯಾಂಕ್ರಾಫ್ಟನು ತನ್ನ ದೇಶದ ಚರಿತ್ರೆಯನ್ನು ಹಲವು ಸಂಪುಟಗಳಲ್ಲಿ ಬರೆದ ಇತಿಹಾಸಕಾರ. ನಮ್ಮ ವೃತ್ತಿಯವರು ಲೋಕೋಪಯೋಗಿಗಳಾಗುವುದು ಅಪರೂಪವಾದುದರಿಂದ ಇದನ್ನು ಇಲ್ಲಿ ಹೇಳಿದ್ದೇವೆ. ಆ ಒಪ್ಪಂದದ ಪ್ರಕಾರ ಐದು ವರ್ಷ ಅಮೆರಿಕದಲ್ಲಿ ನೆಲೆಸಿ ಪೌರನಾದವನನ್ನು ಜರ್ಮನ್ ಸಂಸ್ಥಾನಗಳು ಅಮೆರಿಕದವನೆಂದೇ ಒಪ್ಪಬೇಕು. ಆದರೆ ಅವನು ಮರಳಿ ಬಂದು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ಉಳಿದರೆ, ಹಿಂದಿರುಗುವ ಉದ್ದೇಶ ಅವನಿಗಿಲ್ಲವೆಂದು ಭಾವಿಸಬಹುದು. ಎರಡು ರಾಜ್ಯಗಳು ಕೂಡಿ ಬರೆದುಕೊಟ್ಟ ಕೌಲು ಇದು. ಊರಿಗೆ ಹೋಗಿಬರುವವನಿಗೆ ಇದಕ್ಕಿಂತ ಭದ್ರವಾದ ರಕ್ಷೆ ಮತ್ತೊಂದಿಲ್ಲ.

ದುರ್ದೈವದಿಂದ, ಇಂಥ ಒಪ್ಪಂದವಿಲ್ಲದ ಕಡೆ ಯಾವ ನಿಯಮ ನಡೆಯಬೇಕೆಂಬ ಪ್ರಶ್ನೆಗೆ ದೊರೆತ ಉತ್ತರ ಪ್ರಯಾಣಿಕನಿಗೆ ಅನುಕೂಲವಾದುದಲ್ಲ. 1930ರಲ್ಲಿ ಹೇಗ್ ನಗರದಲ್ಲಿ ಸಿದ್ಧವಾದ ಪೌರತ್ವದ ಒಡಂಬಡಿಕೆಯ 4ನೆಯ ವಿಧಿಯು, ಒಬ್ಬ ವ್ಯಕ್ತಿ ಎರಡು ರಾಜ್ಯಗಳ ಪೌರನಾಗಿದ್ದರೆ, ಒಂದು ರಾಜ್ಯವು ಇನ್ನೊಂದರ ವಿರುದ್ಧ ಅವನಿಗೆ ರಾಜತಾಂತ್ರಿಕ ರಕ್ಷಣೆಯನ್ನು ಕೊಡಲಾಗದೆಂದು ಹೇಳುತ್ತದೆ. 1963ರ ವಿಯೆನ್ನ ಒಡಂಬಡಿಕೆಯ 36ನೆಯ ವಿಧಿಯು ಪರದೇಶದಲ್ಲಿ ಬಂಧಿತನಾದವನನ್ನು ಅವನ ದೇಶದ ಕಾನ್ಸಲರು ಕಂಡು ಮಾತನಾಡಬಹುದೆಂದು ವಿಧಿಸಿದೆ, ನಿಜ. ಆದರೆ ಬಂಧಿಸಿದ ರಾಜ್ಯವೇ "ಇವನು ನಮ್ಮವನು" ಎಂದುಬಿಟ್ಟರೆ ಕಾನ್ಸಲರು ಬಾಗಿಲಿನ ಹೊರಗೇ ನಿಲ್ಲಬೇಕಾಗುತ್ತದೆ. ಯಾವ ದೇಶದೊಡನೆ ವ್ಯಕ್ತಿಯ ಬಾಳು ಹೆಚ್ಚಾಗಿ ಬೆಸೆದುಕೊಂಡಿದೆಯೋ ಆ ದೇಶದ ಪೌರತ್ವವೇ ಪ್ರಬಲವೆಂಬ ಉದಾರವಾದ ಮತವೂ ಬೆಳೆದುಬಂದಿದೆ. 1984ರಲ್ಲಿ ಹೇಗ್ ನಗರದ ಇರಾನ್–ಅಮೆರಿಕ ಹಕ್ಕುಕೋರಿಕೆಗಳ ನ್ಯಾಯಮಂಡಲಿ ಅದನ್ನು ಎತ್ತಿಹಿಡಿಯಿತು. ಇರಾನು ಕಕ್ಷಿಯಾಗಿದ್ದ ಪ್ರಕರಣದಲ್ಲಿಯೇ ಈ ತೀರ್ಪು ಬಂದುದು ಗಮನಾರ್ಹ. ಆದರೆ ಅಲ್ಲಿ ಚರ್ಚೆಯಲ್ಲಿದ್ದುದು ಆಸ್ತಿ ಮತ್ತು ಹಣ. ಸೆರೆಮನೆಯ ಕೊಠಡಿಯಲ್ಲಿರುವವನಿಗೆ ಅದರಿಂದ ಆಗುವ ಉಪಕಾರ ಅತ್ಯಲ್ಪ.

ಇನ್ನು ಇರಾನಿನ ಶಾಸನವನ್ನು ನೋಡೋಣ. ಆ ದೇಶದ ಸಿವಿಲ್ ಸಂಹಿತೆಯ 976ನೆಯ ವಿಧಿಯ ಮೇರೆಗೆ ಇರಾನಿ ತಂದೆಯ ಮಕ್ಕಳು ಎಲ್ಲಿ ಹುಟ್ಟಿದರೂ ಇರಾನಿಗಳೇ. ಇರಾನಿ ಪುರುಷನನ್ನು ವರಿಸಿದ ಪರದೇಶದ ಹೆಂಗಸೂ ಇರಾನಿಯೇ. ಪೌರತ್ವವನ್ನು ಬಿಡಬೇಕೆನ್ನುವವನಿಗೆ 988ನೆಯ ವಿಧಿಯ ಷರತ್ತುಗಳಿವೆ: 25 ವರ್ಷ ತುಂಬಿರಬೇಕು, ಸೈನ್ಯಸೇವೆ ಮುಗಿದಿರಬೇಕು, ಮಂತ್ರಿಮಂಡಲದ ಅನುಮತಿ ಬೇಕು. ಈ ಕ್ರಮವನ್ನನುಸರಿಸದೆ ಬೇರೆ ದೇಶದ ಪೌರನಾದವನ ಹೊಸ ಪೌರತ್ವವನ್ನು 989ನೆಯ ವಿಧಿ ಅಸಿಂಧುವೆಂದು ಸಾರುತ್ತದೆ. ಆದುದರಿಂದ ಷೀರಾಜಿಗೆ ಹೊರಟ ಆ ಅಣ್ಣನು ವಿಮಾನದಲ್ಲಿ ಕುಳಿತಿರುವವರೆಗೆ ಕೆನಡದವನು. ಇಳಿದು ರಹದಾರಿಯನ್ನು ತೋರಿಸಿದ ಕ್ಷಣದಿಂದ ಬರಿಯ ಇರಾನಿ. ಅದರಲ್ಲಿಯೂ ಕೆನಡವು 2012ರ ಸೆಪ್ಟೆಂಬರಿನಲ್ಲಿಯೇ ತೆಹರಾನಿನ ತನ್ನ ರಾಯಭಾರ ಕಚೇರಿಯನ್ನು ಮುಚ್ಚಿತು. ಅಮೆರಿಕಕ್ಕೆ ಅಲ್ಲಿ 1980ರಿಂದ ಕಚೇರಿಯಿಲ್ಲ. ಆ ವರ್ಷದಿಂದ ಸ್ವಿಟ್ಜರ್ಲೆಂಡು ಅದರ ಪರವಾಗಿ ವ್ಯವಹರಿಸುತ್ತ ಬಂದಿದೆ.

ಶಾಸನದ ಅಕ್ಷರಗಳು ಮನುಷ್ಯರ ಬಾಳಿನಲ್ಲಿ ಏನಾಗುತ್ತವೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಕೆನಡದ ಪೌರಳೂ ಛಾಯಾಚಿತ್ರಗ್ರಾಹಕಳೂ ಆಗಿದ್ದ ಜಹ್ರಾ ಕಾಜೆಮಿಯವರು 2003ರ ಜೂನಿನಲ್ಲಿ ತೆಹರಾನಿನ ಎವಿನ್ ಸೆರೆಮನೆಯ ಹೊರಗೆ ಚಿತ್ರ ತೆಗೆಯುತ್ತಿದ್ದಾಗ ಬಂಧಿತರಾಗಿ, ಜುಲೈ ತಿಂಗಳಿನಲ್ಲಿ ಬಂಧನದಲ್ಲಿಯೇ ಮರಣಹೊಂದಿದರು. ದೇಹವನ್ನು ಕಳುಹಿಸಿಕೊಡಬೇಕೆಂದು ಮಗನೂ ಕೆನಡದ ಸರ್ಕಾರವೂ ಕೇಳಿಕೊಂಡರೂ ಫಲವಾಗಲಿಲ್ಲ. ಷೀರಾಜಿನಲ್ಲಿಯೇ ಅದನ್ನು ಹೂಳಲಾಯಿತು. ಅವರು ಪತ್ರಿಕಾವೃತ್ತಿಯವರಾಗಿದ್ದರು, ಚಿತ್ರ ತೆಗೆದರು ಎಂದು ಯಾರಾದರೂ ಹೇಳಬಹುದು. ಹಾಗಾದರೆ ಹಾಲೆ ಎಸ್ಫಂದಿಯಾರಿಯವರ ಕಥೆಯನ್ನು ನೋಡಬೇಕು. ವಾಷಿಂಗ್ಟನ್ನಿನ ಅಧ್ಯಯನ ಸಂಸ್ಥೆಯೊಂದರಲ್ಲಿ ವಿದ್ವಾಂಸರಾಗಿದ್ದ ಅವರು 93 ವರ್ಷದ ತಾಯಿಯನ್ನು ನೋಡಲು ಎಂದಿನಂತೆ ತೆಹರಾನಿಗೆ ಹೋಗಿದ್ದರು. 2006ರ ಡಿಸೆಂಬರ್ 30ರಂದು ವಿಮಾನನಿಲ್ದಾಣಕ್ಕೆ ಹೊರಟಾಗ ದಾರಿಯಲ್ಲಿ ಮುಸುಕು ಹಾಕಿದ್ದ ಮೂವರು ಚಾಕು ತೋರಿಸಿ ರಹದಾರಿಗಳನ್ನೂ ಸಾಮಾನುಗಳನ್ನೂ ಕಿತ್ತುಕೊಂಡರು. ಹೊಸ ರಹದಾರಿಗೆಂದು ಅರ್ಜಿ ಕೊಟ್ಟಲ್ಲಿಂದ ಪ್ರಶ್ನೋತ್ತರಗಳು ಮೊದಲಾಗಿ ತಿಂಗಳುಗಟ್ಟಲೆ ನಡೆದವು. 2007ರ ಮೇ ತಿಂಗಳಿನಲ್ಲಿ ಅವರನ್ನು ಎವಿನ್ ಸೆರೆಮನೆಗೆ ಸೇರಿಸಿ 105 ದಿನ ಏಕಾಂತದಲ್ಲಿರಿಸಿದರು. ಬಿಡುಗಡೆಗೆ ಜಾಮೀನಾದುದು ಆ ವೃದ್ಧ ತಾಯಿಯ ಮನೆಯ ಪತ್ರ. ಹಲವು ಸಲ ನಿರಾತಂಕವಾಗಿ ಹೋಗಿಬಂದಿದ್ದುದು ಅವರನ್ನು ಕಾಪಾಡಲಿಲ್ಲ.

ನಾಜನೀನ್ ಜಾಘರಿ-ರಾಟ್‌ಕ್ಲಿಫ್ ಅವರ ಪ್ರಕರಣ ಲೋಕಕ್ಕೆಲ್ಲ ತಿಳಿದಿದೆ. ಅವರು ಎರಡು ವರ್ಷ ತುಂಬದ ಮಗಳನ್ನು ಕರೆದುಕೊಂಡು ನೌರೂಜ್ ಹಬ್ಬಕ್ಕೆ ತವರಿಗೆ ಹೋಗಿ, 2016ರ ಏಪ್ರಿಲ್ 3ರಂದು ಹಿಂದಿರುಗುವಾಗ ವಿಮಾನನಿಲ್ದಾಣದಲ್ಲಿ ಬಂಧಿತರಾದರು. ಮಗುವಿನ ಬ್ರಿಟಿಷ್ ರಹದಾರಿಯನ್ನೂ ಕಿತ್ತುಕೊಂಡರು. ಅಜ್ಜಅಜ್ಜಿಯರ ಮನೆಯಲ್ಲಿ ಬೆಳೆದ ಆ ಮಗು ತಂದೆಯನ್ನು ಸೇರಿದುದು 2019ರ ಅಕ್ಟೋಬರಿನಲ್ಲಿ. ತಾಯಿ ಬಿಡುಗಡೆಯಾಗಿ ಲಂಡನ್ನಿಗೆ ಹೊರಟುದು 2022ರ ಮಾರ್ಚ್ 16ರಂದು. ಅದೇ ದಿನ ಬಿಡುಗಡೆಯಾದ ಅನೂಷೆ ಅಷೂರಿಯವರು ನಿವೃತ್ತ ಎಂಜಿನಿಯರರು. 2017ರ ಆಗಸ್ಟಿನಲ್ಲಿ ಅವರು ಹೋಗಿದ್ದುದೂ ತಾಯಿಯನ್ನು ನೋಡಲೆಂದೇ. ಸಿಯಾಮಕ್ ನಮಾಜಿಯವರನ್ನು 2015ರ ಜುಲೈಯಲ್ಲಿ ನಿಲ್ದಾಣದಲ್ಲಿ ತಡೆದು, ಮೂರು ತಿಂಗಳು ಪ್ರಶ್ನಿಸಿ, ಅಕ್ಟೋಬರಿನಲ್ಲಿ ಸೆರೆಗೆ ಹಾಕಿದರು. ಮಗನ ಪರವಾಗಿ ಓಡಾಡಲು ಬಂದ ತಂದೆ ಬಾಕರ್ ನಮಾಜಿಯವರನ್ನೂ 2016ರ ಫೆಬ್ರವರಿಯಲ್ಲಿ ಬಂಧಿಸಿದರು. ಅವರು ಯುನಿಸೆಫ್ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದ್ದವರು. ಆಗ ಅವರಿಗೆ ವಯಸ್ಸು 79. ಸೆರೆಯಾದವನನ್ನು ಬಿಡಿಸಲು ಇನ್ನೊಬ್ಬ ದ್ವಿಪೌರನು ಹೊರಡುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಈ ಪ್ರಕರಣಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಬಹುಮಟ್ಟಿಗೆ ಇವರೆಲ್ಲರೂ ದೇಶವನ್ನು ಪ್ರವೇಶಿಸುವಾಗ ತೊಂದರೆಪಡಲಿಲ್ಲ. ಸಿಕ್ಕಿಬಿದ್ದುದು ಹೊರಡುವಾಗ, ಇಲ್ಲವೆ ಒಳಗೆ ಇದ್ದಾಗ. ಇಮಿಗ್ರೇಷನ್ ಅಧಿಕಾರಿ ಮುದ್ರೆಯೊತ್ತಿ ಒಳಗೆ ಬಿಟ್ಟುದನ್ನೇ ಅಭಯವೆಂದು ತಿಳಿಯುವುದು ಭ್ರಮೆ. ಪಾರಸಿಯಲ್ಲಿ ಇದಕ್ಕೊಂದು ಪ್ರತ್ಯೇಕ ಮಾತೇ ಇದೆ: 'ಮಮ್ನೂ-ಅಲ್-ಖೊರೂಜ್', ಎಂದರೆ ಹೊರಹೋಗಲು ನಿಷಿದ್ಧನಾದವನು. ತಾನು ಹಾಗಾಗಿರುವೆನೆಂಬುದು ಎಷ್ಟೋ ಮಂದಿಗೆ ತಿಳಿಯುವುದು ಹೊರಡುವ ದಿನ ನಿಲ್ದಾಣದಲ್ಲಿಯೇ.

ಇದಕ್ಕಿಂತ ಮುಖ್ಯವಾದುದು, ಬಂಧನದ ಕಾರಣವನ್ನು ಪ್ರಯಾಣಿಕನ ನಡತೆಯಲ್ಲಿ ಮಾತ್ರ ಹುಡುಕಿದರೆ ಅದು ಸಿಕ್ಕುವುದಿಲ್ಲ ಎಂಬುದು. 1970ರ ದಶಕದಲ್ಲಿ ಇರಾನಿನ ಷಾಹನ ಸರ್ಕಾರವು ಬ್ರಿಟನ್ನಿನಿಂದ ಚೀಫ್ಟನ್ ಟ್ಯಾಂಕುಗಳನ್ನು ಕೊಳ್ಳಲು ಮುಂಗಡ ಹಣ ಕೊಟ್ಟಿದ್ದಿತು. 1979ರ ಕ್ರಾಂತಿಯ ತರುವಾಯ ಉಳಿದ ಟ್ಯಾಂಕುಗಳೂ ಹೋಗಲಿಲ್ಲ, ಹಣವೂ ಹಿಂದಿರುಗಲಿಲ್ಲ. ನಾಲ್ಕು ದಶಕಗಳ ವ್ಯಾಜ್ಯದ ಬಳಿಕ 2022ರ ಮಾರ್ಚಿನಲ್ಲಿ ಬ್ರಿಟನ್ನು 39 ಕೋಟಿ 38 ಲಕ್ಷ ಪೌಂಡುಗಳನ್ನು ತೆತ್ತಿತು; ಆಗಲೇ ಮೇಲೆ ಹೇಳಿದ ಇಬ್ಬರ ಬಿಡುಗಡೆಯಾಯಿತು. 2023ರ ಸೆಪ್ಟೆಂಬರಿನಲ್ಲಿ ಸಿಯಾಮಕ್ ನಮಾಜಿಯವರೂ ಇತರ ನಾಲ್ವರೂ ಹೊರಬಂದಾಗ, ದಕ್ಷಿಣ ಕೊರಿಯದಲ್ಲಿ ತಡೆಹಿಡಿಯಲ್ಪಟ್ಟಿದ್ದ ಇರಾನಿನ ಸುಮಾರು 600 ಕೋಟಿ ಡಾಲರುಗಳು ಕತಾರಿನ ಬ್ಯಾಂಕುಗಳಿಗೆ ವರ್ಗವಾದವು. ತವರಿನ ಹಬ್ಬಕ್ಕೆ ಹೋದ ಹೆಣ್ಣುಮಗಳಿಗೂ ತಾನು ಹುಟ್ಟುವ ಮೊದಲೇ ಮಾರಾಟಕ್ಕೆ ಗೊತ್ತಾದ ಟ್ಯಾಂಕಿಗೂ ಏನು ಸಂಬಂಧ? ಅವಳ ಕಡೆಯಿಂದ ಏನೂ ಇಲ್ಲ. ರಾಜಕೀಯಕ್ಕೆ ಸೇರಿದವನಲ್ಲವೆಂಬ ಸಮಾಧಾನ ನಿಲ್ಲದಿರುವುದು ಈ ಕಾರಣದಿಂದ. ಹೊರಡಬೇಕೆನ್ನುವವನು ತನ್ನ ಅಂತರಂಗವನ್ನು ಪರೀಕ್ಷಿಸಿಕೊಳ್ಳುವುದರ ಜೊತೆಗೆ, ತನ್ನ ಎರಡು ಸರ್ಕಾರಗಳ ನಡುವೆ ಆ ವರ್ಷ ಯಾವ ಜಗಳ ನಡೆದಿದೆ, ಯಾವ ಬಾಕಿ ಉಳಿದಿದೆ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಹೋದ ಸಲದ ಅನುಭವವು ಹೋದ ಸಲದ ಜಗಳಕ್ಕೆ ಮಾತ್ರ ಅನ್ವಯಿಸುತ್ತದೆ.

ಇಷ್ಟಾದರೂ ಜನ ಹೋಗುತ್ತಾರೆ, ಹೋಗಲೇಬೇಕಾಗುತ್ತದೆ. ಹೋಗುವವರಲ್ಲಿ ಬಹುಮಂದಿ ಯಾವ ಕೇಡೂ ಇಲ್ಲದೆ ಹಿಂದಿರುಗುತ್ತಾರೆಂಬುದನ್ನೂ ಹೇಳದಿದ್ದರೆ ಈ ಲೇಖನ ಏಕಪಕ್ಷೀಯವಾದೀತು. ಅಂಥವರು ಕೈಗೊಳ್ಳುವ ಎಚ್ಚರಿಕೆಗಳಲ್ಲಿ ಕೆಲವು ನಮಗೆ ಯುಕ್ತವಾಗಿ ಕಂಡಿವೆ. ದ್ವಿಪೌರನು ಇರಾನಿ ರಹದಾರಿಯಿಂದಲೇ ಒಳಹೊಗಬೇಕು, ಅದರಿಂದಲೇ ಹೊರಬರಬೇಕು. ಅದರ ಅವಧಿ ಮುಗಿಯುತ್ತಿದ್ದರೆ ಹೊರದೇಶದಲ್ಲಿರುವಾಗಲೇ ನವೀಕರಿಸಿಕೊಳ್ಳುವುದು ಲೇಸು. ಒಳಗೆ ಹೋದಮೇಲೆ ಅರ್ಜಿ ಹಾಕಿ ಕಾಯುವವನು ತನ್ನ ಬಿಡುಗಡೆಯನ್ನು ತಾನೇ ಇನ್ನೊಬ್ಬರ ಮೇಜಿನ ಮೇಲಿಟ್ಟಂತೆ. ಗಂಡಸರು ಸೈನ್ಯಸೇವೆಯ ವಿಷಯ ತಮ್ಮ ಮಟ್ಟಿಗೆ ಹೇಗಿದೆಯೆಂದು ಲಿಖಿತವಾಗಿ ತಿಳಿದುಕೊಂಡಿರಬೇಕು. ಪ್ರಷ್ಯದ ಕಾಲದಿಂದ ಈ ಅಂಶದಲ್ಲಿ ಹೆಚ್ಚು ಬದಲಾವಣೆಯಾಗಿಲ್ಲ. ವಿವಾಹಿತ ಹೆಂಗಸಿಗೆ ಇರಾನಿ ರಹದಾರಿ ಕೊಡಲು ಗಂಡನ ಲಿಖಿತ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ಅವನು ಹಿಂತೆಗೆದುಕೊಳ್ಳಲೂಬಹುದು. ಇದು ಕ್ರಾಂತಿಗೂ ಹಿಂದಿನ, 1973ರ ಶಾಸನದಿಂದ ಬಂದ ನಿಯಮ. ಇರಾನಿ ಪುರುಷನನ್ನು ಮದುವೆಯಾದ ಪರದೇಶದ ಹೆಂಗಸರು ಇದನ್ನು ಅರಿಯದೆ ಹೋಗಿ ಸಂಕಟಕ್ಕೆ ಸಿಕ್ಕಿರುವುದುಂಟು.

ಇಂದಿನ ಪ್ರಯಾಣಿಕನ ದೊಡ್ಡ ಸಾಕ್ಷಿ ಅವನ ಜೇಬಿನಲ್ಲಿರುವ ದೂರವಾಣಿ. ಹತ್ತು ವರ್ಷದ ಮಾತುಕತೆ, ಚಿತ್ರಗಳು, ಸ್ನೇಹಿತರ ಹೆಸರುಗಳು ಎಲ್ಲವೂ ಅದರಲ್ಲಿ ಇರುತ್ತವೆ. ಹಿಡಿದವರು ಮೊದಲು ಕೇಳುವುದು ಅದನ್ನೇ. ಆದುದರಿಂದ ಅದನ್ನು ಮನೆಯಲ್ಲಿಯೇ ಬಿಟ್ಟು, ಬೇರೊಂದನ್ನು ಕೆಲವು ವಾರ ಸಹಜವಾಗಿ ಬಳಸಿ ಕೊಂಡೊಯ್ಯುವವರಿದ್ದಾರೆ. ಇದರಿಂದ ತನಗಿಂತಲೂ ಒಳಗಿರುವ ನಂಟರಿಗೆ ಹೆಚ್ಚಿನ ರಕ್ಷೆ. ಇತರರ ಕಾಗದ, ಪೊಟ್ಟಣ, ಹಣ ಇವನ್ನು ಒಯ್ಯಬಾರದು. ಹೊರಗೆ ನಂಬಿಕೆಯುಳ್ಳ ಒಬ್ಬರ ಬಳಿ ರಹದಾರಿಯ ಪ್ರತಿ, ವ್ಯವಹಾರದ ಮುಖ್ತಾರುನಾಮೆ, ಉದ್ಯೋಗದ ಸ್ವರೂಪವನ್ನು ತಿಳಿಸುವ ಪತ್ರ ಇವುಗಳಿರಬೇಕು. ಕಡೆಯದಕ್ಕೆ ಎಷ್ಟು ಬೆಲೆಯಿದೆಯೆಂಬುದು 2017ರ ನವೆಂಬರಿನಲ್ಲಿ ಗೊತ್ತಾಯಿತು. ಬ್ರಿಟನ್ನಿನ ಅಂದಿನ ವಿದೇಶಾಂಗ ಸಚಿವ ಬೋರಿಸ್ ಜಾನ್ಸನ್ನರು ಜಾಘರಿ-ರಾಟ್‌ಕ್ಲಿಫ್ ಅವರು ಜನರಿಗೆ ಪತ್ರಿಕಾವೃತ್ತಿಯನ್ನು ಕಲಿಸುತ್ತಿದ್ದರೆಂದು ತಪ್ಪಾಗಿ ಹೇಳಿಬಿಟ್ಟರು. ಕೆಲವೇ ದಿನಗಳಲ್ಲಿ ಅವರನ್ನು ಮತ್ತೆ ನ್ಯಾಯಾಲಯಕ್ಕೆ ಕರೆಸಿ ಆ ಮಾತನ್ನೇ ಅವರ ವಿರುದ್ಧ ತೋರಿಸಿದರು. ಅನಾಹುತವಾದರೆ ಮನೆಯವರು ಮೌನವಾಗಿರಬೇಕೋ ಪತ್ರಿಕೆಗಳಿಗೆ ಹೋಗಬೇಕೋ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸರ್ಕಾರಗಳು ಸಾಮಾನ್ಯವಾಗಿ ಮೌನವನ್ನೇ ಬೋಧಿಸುತ್ತವೆ. ರಿಚರ್ಡ್ ರಾಟ್‌ಕ್ಲಿಫ್ ಅವರು ಅದನ್ನು ಕೇಳದೆ, 2021ರಲ್ಲಿ ಲಂಡನ್ನಿನ ವಿದೇಶಾಂಗ ಕಚೇರಿಯೆದುರು 21 ದಿನ ಉಪವಾಸ ಕುಳಿತರು. ಅವರು ಮಾಡಿದುದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಎಲ್ಲ ಮನೆಗಳಿಗೂ ಅದು ಒಗ್ಗಲಾರದು.

ಸುದ್ದಿ ಮುಟ್ಟಿಸುವ ಸಂಕೇತವೊಂದನ್ನು ಗೊತ್ತುಮಾಡಿಕೊಳ್ಳುವುದು ಹಳೆಯ ಪದ್ಧತಿ. ಎರಡನೆಯ ಮಹಾಯುದ್ಧದ ಬಳಿಕ, 1946ರಿಂದ 1948ರವರೆಗೆ, ಸುಮಾರು ತೊಂಬತ್ತು ಸಾವಿರ ಮಂದಿ ಆರ್ಮೀನಿಯನ್ನರು ಸಿರಿಯ, ಲೆಬನಾನ್, ಇರಾನ್, ಫ್ರಾನ್ಸ್ ಮೊದಲಾದ ಕಡೆಗಳಿಂದ ಸೋವಿಯತ್ ಆರ್ಮೀನಿಯಕ್ಕೆ ಕರೆಯ ಮೇರೆಗೆ ಹೋದರು. 1949ರಲ್ಲಿ ಅವರಲ್ಲಿ ಅನೇಕರನ್ನು ಸೈಬೀರಿಯದ ಕಡೆಗೆ ಗಡೀಪಾರು ಮಾಡಲಾಯಿತು. ಆ ಜನರಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಮುಂದಾಗಿ ಹೊರಟವನು ಹಿಂದುಳಿದವರಿಗೆ, "ಅಲ್ಲಿಂದ ಒಂದು ಪಟ ಕಳುಹಿಸುತ್ತೇನೆ, ನಿಂತಿದ್ದರೆ ಬನ್ನಿ, ಕುಳಿತಿದ್ದರೆ ಬರಬೇಡಿ" ಎಂದು ಹೇಳಿ ಹೋದನಂತೆ. ಬಂದ ಪಟದಲ್ಲಿ ಅವನು ನೆಲದ ಮೇಲೆ ಮಲಗಿದ್ದನಂತೆ.

ಇರಾನಿನ ವಿದೇಶಾಂಗ ಸಚಿವಾಲಯವೂ 2022ರ ಸುಮಾರಿಗೆ ಒಂದು ಬಗೆಯ ಕೌಲನ್ನು ಏರ್ಪಡಿಸಿತು. ಹೊರದೇಶದಲ್ಲಿರುವವರು ತಮ್ಮ ವಿವರಗಳನ್ನು ಕೊಟ್ಟು, ಬಂದುಹೋಗಲು ತಮಗೆ ಅಡ್ಡಿಯಿದೆಯೇ ಎಂದು ವಿದ್ಯುನ್ಮಾನ ಮೂಲಕ ವಿಚಾರಿಸಬಹುದು. ಉದ್ದೇಶ ಒಳ್ಳೆಯದಿರಬಹುದು. ಆದರೆ ಉತ್ತರ ಕೊಡುವುದು ಒಂದು ಇಲಾಖೆ, ಬಂಧಿಸುವುದು ಮತ್ತೊಂದು. ಅಲ್ಲದೆ ಕೇಳುವುದೆಂದರೆ ತಾನು ಬರುತ್ತಿರುವೆನೆಂದು ಮುಂಚಿತವಾಗಿ ತಿಳಿಸಿದಂತೆಯೂ ಆಯಿತು.

ಆಶ್ರಿತರಾಗಿ ಹೋದವರ ಸ್ಥಿತಿ ಇನ್ನೊಂದು ಬಗೆಯದು. 1951ರ ಜಿನೀವ ಒಡಂಬಡಿಕೆಯ ಮೇರೆಗೆ, ಬಿಟ್ಟುಬಂದ ದೇಶದ ರಕ್ಷಣೆಯನ್ನು ತಾನಾಗಿ ಮತ್ತೆ ಸ್ವೀಕರಿಸಿದವನು ಆಶ್ರಿತನೆಂಬ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಆ ದೇಶದ ರಹದಾರಿ ಪಡೆದು ಊರಿಗೆ ಹೋಗಿಬಂದುದು ಅದಕ್ಕೆ ಸಾಕ್ಷ್ಯವಾಗಬಹುದು. ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ 1979ರಲ್ಲಿ ಪ್ರಕಟಿಸಿದ ಕೈಪಿಡಿಯು, ವೃದ್ಧರೋ ರೋಗಿಗಳೋ ಆದ ತಂದೆತಾಯಿಯನ್ನು ನೋಡಿಬರುವುದನ್ನು ವಿಹಾರಕ್ಕೆ ಹೋಗಿಬರುವುದರೊಡನೆ ಸಮನಾಗಿ ಎಣಿಸಬಾರದೆಂದು ಹೇಳಿದೆ. ಕಾನೂನಿನ ಪುಟಗಳಲ್ಲಿ ಹೆತ್ತವರಿಗೆ ದೊರೆತ ಈ ಅಲ್ಪ ಸ್ಥಾನವನ್ನು ಕಂಡು ನಮಗೆ ಸಂತೋಷವಾಯಿತು. ಬೈಲುಕುಪ್ಪೆಯ ಟಿಬೆಟನ್ನರಲ್ಲಿ ಹಲವರು ಪ್ರಯಾಣಕ್ಕಾಗಿ ಇಟ್ಟುಕೊಂಡಿರುವ ಹಳದಿ ಹೊದಿಕೆಯ ಗುರುತಿನ ಪತ್ರವೂ ಇದೇ ಸಮಸ್ಯೆಯ ಒಂದು ಮುಖ. ಅದನ್ನು ಬೇರೆಯಾಗಿಯೇ ವಿವೇಚಿಸಬೇಕು. ಹೊರದೇಶಗಳ ಕನ್ನಡಿಗರಿಗೆ ಈ ತೊಡಕು ಇದೇ ರೂಪದಲ್ಲಿ ಒದಗುವುದಿಲ್ಲ. 1955ರ ಪೌರತ್ವ ಶಾಸನದ 9ನೆಯ ಪ್ರಕರಣದಂತೆ, ತಾನಾಗಿ ಬೇರೆ ದೇಶದ ಪೌರನಾದವನು ಭಾರತದ ಪೌರನಾಗಿ ಉಳಿಯುವುದಿಲ್ಲ. ಎರಡು ಪೌರತ್ವ ಕೊಡಲಿಲ್ಲವೆಂದು ಅವರು ಆಗಾಗ್ಗೆ ಅಸಮಾಧಾನಪಡುವುದುಂಟು. ಊರಿಗೆ ಬಂದಾಗ ತಮ್ಮ ಹೊಸ ದೇಶದ ಕಾನ್ಸಲರ ನೆರವು ಅವರಿಗೆ ಉಳಿದಿರುವುದೂ ಆ ನಿಯಮದಿಂದಲೇ.

ನಮ್ಮ ವಿದ್ಯಾರ್ಥಿನಿಯ ಅಣ್ಣ ಷೀರಾಜಿಗೆ ಹೋಗಲಿಲ್ಲ. ಇರಾನಿಗಳಿಗೆ ವೀಸಾ ಬೇಕಿಲ್ಲದ ನೆರೆಯ ದೇಶಗಳಲ್ಲಿ ಮನೆಯವರನ್ನು ಕಾಣುವ ರೂಢಿ ಹೊರನಾಡಿನ ಇರಾನಿಗಳಲ್ಲಿ ಬೆಳೆದಿದೆ. ವೈದ್ಯರು ಒಪ್ಪಿದ ಮೇಲೆ ತಾಯಿಯನ್ನು ಅವರ ತಂಗಿ ಆರ್ಮೀನಿಯದ ಯೆರೆವಾನಿಗೆ ಕರೆತಂದರು. ಇಲ್ಲಿಂದ ನಮ್ಮ ವಿದ್ಯಾರ್ಥಿನಿಯೂ ಹೋದರು. ಬಾಡಿಗೆಗೆ ಹಿಡಿದ ಎರಡು ಕೋಣೆಗಳಲ್ಲಿ ಹನ್ನೊಂದು ದಿನ ಎಲ್ಲರೂ ಒಟ್ಟಿಗಿದ್ದರಂತೆ. ಮೇಜಿನ ಮೇಲೆ ನೌರೂಜಿನ ಏಳು ಪದಾರ್ಥಗಳನ್ನು ಜೋಡಿಸುವಾಗ ಒಂದು ಸಿಕ್ಕಲಿಲ್ಲವೆಂದೂ, ತಾಯಿ ಅದಕ್ಕಾಗಿ ಮಗನನ್ನು ಎರಡು ಸಲ ಅಂಗಡಿಗೆ ಓಡಿಸಿದರೆಂದೂ ಹಿಂದಿರುಗಿದ ಮೇಲೆ ಅವರು ನಮಗೆ ತಿಳಿಸಿದರು.